ಟೆನಿಸ್ ಚಾಂಪಿಯನ್ ಆಗಬೇಕಾದರೆ ಐದು ವರ್ಷಕ್ಕೇ ರಾಕೆಟ್ ಹಿಡಿಯಲೇಬೇಕಾ?

ಬೇಸಿಗೆ ರಜೆ ಬಂತೆಂದರೆ ಮೈಸೂರಿನ ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕೋಚಿಂಗ್ ಕ್ಯಾಂಪ್‌ಗಳ ಮಾತು ಶುರು. ಜೊತೆಗೆ ಒಂದು ಬುದ್ಧಿಮಾತೂ ಬರುತ್ತದೆ: "ಐದು ವರ್ಷಕ್ಕೇ ಶುರು ಮಾಡಿ, ಒಂದೇ ಆಟ ಆಡಿಸಿ, 10,000 ಗಂಟೆ ಅಭ್ಯಾಸ ಮಾಡಿಸಿ. ಇಲ್ಲವಾದರೆ ತಡವಾಯಿತು." ಇದು ಎಷ್ಟು ನಿಜ ಎಂದು ನೋಡೋಣ.

ಈ ಕಲ್ಪನೆ ಬಂದದ್ದೆಲ್ಲಿಂದ?

ಬಾಲಪ್ರತಿಭೆಯ ಕಥೆ ಎಲ್ಲರಿಗೂ ಇಷ್ಟ. ಜಪಾನಿನ ತಕೇಶಿ ಕೊನೊಮಿ 1999ರಿಂದ 2008ರವರೆಗೆ ಬರೆದ 'ದಿ ಪ್ರಿನ್ಸ್ ಆಫ್ ಟೆನಿಸ್' ಎಂಬ ಮಾಂಗಾ, ಅಂದರೆ ಚಿತ್ರಕಥೆ, 42 ಸಂಪುಟಗಳಷ್ಟು ಬೆಳೆಯಿತು. ಅದರ ನಾಯಕ ರ್‍ಯೋಮಾಗೆ ಬರೀ 12 ವರ್ಷ. ಅವನು ಸರ್ವ್ ಮಾಡಿದರೆ ಚೆಂಡು ನೆಲಕ್ಕೆ ಬಡಿದು ಎದುರಾಳಿಯ ಮುಖದತ್ತ ಚಿಮ್ಮುತ್ತದೆ!

10,000 ಗಂಟೆಯ ಲೆಕ್ಕ 1993ರ ಒಂದು ಅಧ್ಯಯನದಿಂದ ಬಂದದ್ದು. ಅದು ನಡೆದದ್ದು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಮೇಲೆ, ಟೆನಿಸ್ ಆಟಗಾರರ ಮೇಲಲ್ಲ. ಆ ಸಂಖ್ಯೆಯೂ ಸರಾಸರಿಯಷ್ಟೇ. ಅದಕ್ಕಿಂತ ಕಡಿಮೆ ಅಭ್ಯಾಸ ಮಾಡಿ ಮೇಲೆ ಬಂದವರೂ ಅದರಲ್ಲಿದ್ದರು.

ನಮ್ಮ ಪಕ್ಕದ ಉದಾಹರಣೆ

ಮೈಸೂರಿನ ನೆರೆಯ ಕೊಡಗಿನ ರೋಹನ್ ಬೋಪಣ್ಣ ಟೆನಿಸ್ ಶುರು ಮಾಡಿದ್ದು 11ನೇ ವಯಸ್ಸಿನಲ್ಲಿ. ಹಾಕಿ, ಫುಟ್‌ಬಾಲ್ ಕೂಡ ಅವರಿಗೆ ಇಷ್ಟ. 2024ರಲ್ಲಿ, 43ನೇ ವಯಸ್ಸಿನಲ್ಲಿ, ಅವರು ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಆದರು. ಅಷ್ಟು ವಯಸ್ಸಿನಲ್ಲಿ ಆ ಸ್ಥಾನ ಮೊದಲ ಬಾರಿಗೆ ಏರಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ.

ಹಾಗಂತ ಬೇಗ ಶುರು ಮಾಡಿ ಗೆದ್ದವರಿಲ್ಲ ಎಂದಲ್ಲ. ವಿಲಿಯಮ್ಸ್ ಸೋದರಿಯರಿದ್ದಾರೆ, ಆಂದ್ರೆ ಅಗಾಸಿ ಇದ್ದಾರೆ. ಆದರೆ ನಮ್ಮ ಕಣ್ಣಿಗೆ ಬೀಳುವುದು ಗೆದ್ದವರು ಮಾತ್ರ. ಬೇಗ ಶುರು ಮಾಡಿ, ಪೆಟ್ಟು ತಿಂದು ಬಿಟ್ಟವರ ಸುದ್ದಿ ಫಾರ್ವರ್ಡ್ ಆಗುವುದಿಲ್ಲ.

ಮಗುವಿನ ಮೈಗೆ ಏನಾಗುತ್ತದೆ?

ರ್‍ಯೋಮಾನ ಸರ್ವ್ ಪೂರ್ತಿ ಕಟ್ಟುಕಥೆಯಲ್ಲ. ನಿಜವಾದ ಆಟದಲ್ಲಿ ಅದಕ್ಕೆ ಕಿಕ್ ಸರ್ವ್ ಎನ್ನುತ್ತಾರೆ. ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸಿ, ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿದಂತೆ ಹೊಡೆಯಬೇಕು. ಆಗ ಚೆಂಡು ಗಿರಗಿರನೆ ತಿರುಗುತ್ತಾ ಬಿದ್ದು, ಭುಜದೆತ್ತರಕ್ಕೆ ಪುಟಿಯುತ್ತದೆ. ಬೆಳೆಯುವ ಮಗು ಇದನ್ನೇ ದಿನವೂ ನೂರಾರು ಬಾರಿ ಮಾಡಿದರೆ ಸೊಂಟದ ಭಾಗದ ಬೆನ್ನುಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳಬಹುದು. ಮಕ್ಕಳ ಮೂಳೆಯ ತುದಿಗಳಲ್ಲಿರುವ ಮೃದುವಾದ 'ಗ್ರೋತ್ ಪ್ಲೇಟ್' ಕೂಡ ಇನ್ನೂ ಗಟ್ಟಿಯಾಗಿರುವುದಿಲ್ಲ. ಭುಜ, ಮೊಣಕೈ ನೋವು ಅಲ್ಲಿಂದಲೇ ಶುರುವಾಗಬಹುದು.

ಹಾಗಾದರೆ ಏನು ಮಾಡಬೇಕು?

ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಕೊಟ್ಟ ಸಲಹೆಗಳಿವು:

• ಒಂದೇ ಆಟಕ್ಕೆ ಅಂಟಿಕೊಳ್ಳುವುದನ್ನು 15–16 ವರ್ಷದವರೆಗೆ ಮುಂದೂಡಿ.
• ವಾರಕ್ಕೆ 1–2 ದಿನ ಆಟಕ್ಕೆ ಪೂರ್ತಿ ಬಿಡುವು ಕೊಡಿ.
• ವರ್ಷದಲ್ಲಿ ಒಟ್ಟು 3 ತಿಂಗಳು, ಒಂದೊಂದು ತಿಂಗಳಂತೆ, ಆ ಆಟದಿಂದ ವಿರಾಮ ಕೊಡಿ.

ನೆನಪಿಡಲು ಸುಲಭವಾದ ಇನ್ನೊಂದು ಲೆಕ್ಕವಿದೆ: ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. 8 ವರ್ಷದ ಮಗುವಿಗೆ ವಾರಕ್ಕೆ ಹೆಚ್ಚೆಂದರೆ 8 ಗಂಟೆ. ನೋವು ಎರಡು ವಾರ ಕಳೆದರೂ ಹೋಗದಿದ್ದರೆ ಮುಲಾಮು ಹಚ್ಚಿ ಮತ್ತೆ ಆಡಿಸಬೇಡಿ, ವೈದ್ಯರಿಗೆ ತೋರಿಸಿ.

ನಮ್ಮ ತೀರ್ಮಾನ: ಐದು ವರ್ಷಕ್ಕೆ ರಾಕೆಟ್ ಹಿಡಿದರೆ ತಪ್ಪಿಲ್ಲ, ಹಿಡಿಯದಿದ್ದರೆ ತಡವೂ ಆಗಿಲ್ಲ. "ಒಂದೇ ಆಟ, ವರ್ಷವಿಡೀ" ಎಂಬ ಮಾತು ಮಾತ್ರ ತಪ್ಪು. ಅಂಥ ಮೆಸೇಜ್ ಬಂದರೆ ಮುಂದೆ ಕಳಿಸುವ ಮುನ್ನ ಇದನ್ನು ಕಳಿಸಿ.