ಮಾತಿಲ್ಲದ ಸಂಗೀತಕ್ಕೆ ಚಿತ್ರದ ಜೋಡಣೆ

ಹಾಡಿಗೆ ತಕ್ಕ ಚಿತ್ರವನ್ನು ಕಟ್ಟುವುದು ನಮ್ಮ ದೇಶಕ್ಕೆ ಹೊಸ ವಿದ್ಯೆಯಲ್ಲ. ಚಲನಚಿತ್ರಕ್ಕೆ ಬಾಯಿ ಬಂದಂದಿನಿಂದ ಅದು ನಡೆದುಬಂದಿದೆ. ಹಾಡಿನಲ್ಲಿ ಪದಗಳಿರುವುವು, ಪದಗಳಿಗೆ ಅರ್ಥವಿರುವುದು. ಮಳೆಯೆಂದಾಗ ಮಳೆಯನ್ನೂ, ಅಗಲಿಕೆಯೆಂದಾಗ ಬರಿದಾದ ದಾರಿಯನ್ನೂ ತೋರಿಸಿದರೆ ನೋಟಕರಿಗೆ ಕಥೆ ತಿಳಿಯುವುದು. ಪದವಿಲ್ಲದ ವಾದ್ಯಸಂಗೀತದಲ್ಲಿಯೂ ವೈಣಿಕನ ಬೆರಳು, ಮೃದಂಗದ ಮೇಲೆ ಕುಣಿಯುವ ಅಂಗೈ ಇವಾದರೂ ಕಣ್ಣಿಗೆ ಸಿಕ್ಕುವುವು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಈ ಎರಡು ಆಸರೆಗಳೂ ಇಲ್ಲ. ಅಲ್ಲಿ ಹಾಡುವ ಬಾಯಿಯಿಲ್ಲ, ಮೀಟುವ ತಂತಿಯಿಲ್ಲ. ವಿದ್ಯುನ್ಮಂಡಲದಲ್ಲಿ ಅಥವಾ ಗಣಕದಲ್ಲಿ ಹುಟ್ಟಿದ ಆಂದೋಲನವು ಧ್ವನಿವರ್ಧಕದ ಪೊರೆಯನ್ನು ನಡುಗಿಸುವುದು. ನೋಡುವುದಕ್ಕೆ ಇರುವುದು ಅಷ್ಟೆ. ಹಾಗಾದರೆ ಅದಕ್ಕೆ ಯಾವ ಚಿತ್ರವನ್ನು ಜೋಡಿಸಬೇಕು?

ಇಂದು ಕಾಲೇಜಿನ ವಿದ್ಯಾರ್ಥಿಗಳು ಕೈಯಲ್ಲಿರುವ ಫೋನಿನಿಂದಲೇ ಚಲಚ್ಚಿತ್ರವನ್ನು ತೆಗೆಯಬಲ್ಲರು, ಗಣಕದಲ್ಲಿ ತಾವೇ ಸಂಗೀತವನ್ನು ರಚಿಸಬಲ್ಲರು. ಆದುದರಿಂದ ಈ ಪ್ರಶ್ನೆ ಈಗ ಕೇವಲ ದೊಡ್ಡ ಚಿತ್ರಶಾಲೆಗಳದ್ದಾಗಿ ಉಳಿದಿಲ್ಲ. ನಾಲ್ವರು ಗೆಳೆಯರು ಸೇರಿ, ಭಾನುವಾರವೆಲ್ಲ ಕಣ್ಣಿಗೆ ಬಿದ್ದುದನ್ನು ಚಿತ್ರಿಸಿಕೊಂಡು ಬಂದು ಸಂಕಲನಕ್ಕೆ ಕುಳಿತರೆ, ಚಿತ್ರ ಒಂದು ಕಡೆಗೂ ಸಂಗೀತ ಇನ್ನೊಂದು ಕಡೆಗೂ ಎಳೆಯುವುದನ್ನು ಕಾಣುವರು. ಕೊರತೆ ಇರುವುದು ಉಪಕರಣದಲ್ಲಲ್ಲ, ಯೋಜನೆಯಲ್ಲಿ. ಮಾತಿಲ್ಲದ ಸಂಗೀತದಲ್ಲಿ ಅರ್ಥವನ್ನು ಹುಡುಕುವುದಕ್ಕೆ ಮೊದಲು ಕಾಲವನ್ನು ಎಣಿಸಬೇಕು. ಈ ಎಣಿಕೆಯ ಕ್ರಮವನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಈ ಬಗೆಯ ಸಂಗೀತ ನಮಗೆ ತೀರ ಪರಕೀಯವೆಂದು ಭಾವಿಸಬೇಕಾಗಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿಯೇ ಮೂಗ್ ಸಿಂಥಸೈಜರ್ ಎಂಬ ಉಪಕರಣವನ್ನು ಸ್ಥಾಪಿಸಲಾಯಿತು. ಅಮೆರಿಕದ ಡೇವಿಡ್ ಟ್ಯೂಡರ್ ಇದಕ್ಕೆ ನೆರವಾದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅಲ್ಲಿ ನಾದಗಳನ್ನು ರಚಿಸಿ ಟೇಪಿನ ಮೇಲೆ ಮುದ್ರಿಸಿದರು. ಬಹುಕಾಲ ಮರೆಯಾಗಿದ್ದ ಆ ಮುದ್ರಣಗಳಿಂದ ಆಯ್ದ ಸಂಗ್ರಹವೊಂದು 2023ರಲ್ಲಿ ಪ್ರಕಟವಾಯಿತು.

ಪೆಟ್ಟಿನ ಎಣಿಕೆ

ಎಲೆಕ್ಟ್ರಾನಿಕ್ ಸಂಗೀತದಲ್ಲಿ ತಾಳವನ್ನು ಹಿಡಿಯುವುದು ಬಹುಮಟ್ಟಿಗೆ ಯಂತ್ರ. ಮನುಷ್ಯನ ಕೈಯಂತೆ ಅದು ಮುಂದಾಗುವುದೂ ಇಲ್ಲ, ಹಿಂದುಳಿಯುವುದೂ ಇಲ್ಲ. ಯೋಜಿಸುವವನಿಗೆ ಇದೊಂದು ದೊಡ್ಡ ಅನುಕೂಲ. ಉದಾಹರಣೆಗೆ, ಒಂದು ರಚನೆಯಲ್ಲಿ ನಿಮಿಷಕ್ಕೆ 120 ಪೆಟ್ಟುಗಳಿರುವುವೆಂದೂ, ಅದರ ಉದ್ದ 3 ನಿಮಿಷ 12 ಸೆಕೆಂಡುಗಳೆಂದೂ ಇಟ್ಟುಕೊಳ್ಳೋಣ. ಆಗ ಪೆಟ್ಟಿಗೆ ಅರ್ಧ ಸೆಕೆಂಡು. ಒಟ್ಟು 384 ಪೆಟ್ಟುಗಳು. ನಾಲ್ಕು ಪೆಟ್ಟುಗಳಿಗೆ ಒಂದು ಆವರ್ತವೆಂದು ಗಣಿಸಿದರೆ 96 ಆವರ್ತಗಳಾಗುವುವು. ಇಂಥ ಸಂಗೀತದಲ್ಲಿ ಸಾಮಾನ್ಯವಾಗಿ ಎಂಟು ಆವರ್ತಗಳಿಗೊಮ್ಮೆ ಹೊಸದೊಂದು ಧ್ವನಿ ಸೇರುವುದು ಅಥವಾ ಹಳೆಯದೊಂದು ಬಿಟ್ಟುಹೋಗುವುದು. ಆದುದರಿಂದ ಇಡೀ ರಚನೆಯನ್ನು 16 ಸೆಕೆಂಡುಗಳ ಹನ್ನೆರಡು ಖಂಡಗಳಾಗಿ ಒಡೆಯಬಹುದು. ಗ್ರಾಫ್ ಕಾಗದದ ಮೇಲೆ ಹನ್ನೆರಡು ಸಾಲುಗಳನ್ನು ಎಳೆದು, ಯಾವ ಖಂಡದಲ್ಲಿ ಯಾವ ಧ್ವನಿ ಇದೆ, ಯಾವುದು ಇಲ್ಲ ಎಂಬುದನ್ನು ಗುರುತಿಸಿಕೊಂಡರೆ, ಕಿವಿಗೆ ಮಾತ್ರ ತಿಳಿದಿದ್ದ ಕಟ್ಟಡವು ಕಣ್ಣಿಗೂ ಕಾಣುವುದು.

ಇನ್ನು ಚಿತ್ರದ ಎಣಿಕೆ. ಚಲಚ್ಚಿತ್ರವೆಂದರೆ ಬಿಡಿಚಿತ್ರಗಳ ಸಾಲೆಂಬುದನ್ನು ಎಲ್ಲರೂ ಬಲ್ಲರು. ಸೆಕೆಂಡಿಗೆ 24 ಬಿಡಿಚಿತ್ರಗಳಿದ್ದರೆ, ನಮ್ಮ ಉದಾಹರಣೆಯ ಒಂದು ಪೆಟ್ಟಿಗೆ ಸರಿಯಾಗಿ 12 ಬರುವುವು. ಸೆಕೆಂಡಿಗೆ 25 ಇದ್ದರೆ ಪೆಟ್ಟಿಗೆ ಹನ್ನೆರಡೂವರೆ ಆಗುವುದು. ಅರ್ಧ ಬಿಡಿಚಿತ್ರವನ್ನು ಕತ್ತರಿಸಲು ಬಾರದು. ಇಲ್ಲಿ ಅರ್ಧವನ್ನು ಕೈಬಿಟ್ಟು ಪ್ರತಿಯೊಂದು ಪೆಟ್ಟಿಗೂ 12ರಂತೆಯೇ ಜೋಡಿಸುತ್ತಾ ಹೋದರೆ, ಪೆಟ್ಟೊಂದಕ್ಕೆ ಸೆಕೆಂಡಿನ 50ನೆಯ ಒಂದು ಭಾಗದಷ್ಟು ತಪ್ಪು ಸೇರುವುದು. ಅದು ಅತ್ಯಲ್ಪವೆಂದು ತೋರಬಹುದು. ಆದರೆ 384 ಪೆಟ್ಟುಗಳು ಮುಗಿಯುವ ಹೊತ್ತಿಗೆ ಚಿತ್ರವು ಸಂಗೀತಕ್ಕಿಂತ ಏಳೂವರೆ ಸೆಕೆಂಡುಗಳಿಗೂ ಹೆಚ್ಚು ಮೊದಲೇ ಮುಗಿದುಹೋಗಿರುವುದು! 12, 13, 12, 13 ಎಂದು ಒಂದನ್ನು ಬಿಟ್ಟು ಒಂದರಂತೆ ಜೋಡಿಸುವುದೇ ಇದಕ್ಕೆ ಪರಿಹಾರ. ಅಥವಾ ಸಂಗೀತವು ತಮ್ಮದೇ ರಚನೆಯಾಗಿದ್ದರೆ, ವೇಗವನ್ನು ನಿಮಿಷಕ್ಕೆ 125 ಪೆಟ್ಟುಗಳಿಗೆ ಏರಿಸಬಹುದು. ಆಗ 25ರ ಲೆಕ್ಕದಲ್ಲಿಯೂ ಪೆಟ್ಟಿಗೆ ಸರಿಯಾಗಿ 12 ಬರುವುವು. ಹೀಗೆ, ಚಿತ್ರದ ವೇಗವನ್ನೂ ಸಂಗೀತದ ವೇಗವನ್ನೂ ಮೊದಲ ದಿನವೇ ಒಟ್ಟಿಗೆ ಗೊತ್ತುಮಾಡಬೇಕು.

ವೇಗವನ್ನು ಗೊತ್ತುಮಾಡುವಾಗ ದೀಪಗಳನ್ನೂ ಮರೆಯಬಾರದು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳದ್ದು. ಆದುದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಹೊಳೆದು ಕುಗ್ಗುವುವು. ಕಣ್ಣಿಗೆ ಇದು ತಿಳಿಯದು, ಕ್ಯಾಮೆರಾಕ್ಕೆ ತಿಳಿಯುವುದು. ಪ್ರತಿಯೊಂದು ಬಿಡಿಚಿತ್ರಕ್ಕೂ ಬೆಳಕು ಬೀಳುವ ಅವಧಿಯನ್ನು ಸೆಕೆಂಡಿನ 50ನೆಯ ಒಂದು ಭಾಗಕ್ಕೆ ನಿಲ್ಲಿಸಿದರೆ, ಎಲ್ಲದಕ್ಕೂ ಎರಡೆರಡು ಹೊಳಪುಗಳು ಸಮನಾಗಿ ಸಿಕ್ಕಿ, ಚಿತ್ರವು ಮಿಣುಕದೆ ಇರುವುದು.

ಕಿವಿ ಕಣ್ಣುಗಳ ಒಪ್ಪಂದ

ಪೆಟ್ಟು ಕೇಳಿದ ಕ್ಷಣದಲ್ಲಿಯೇ ಚಿತ್ರ ಬದಲಾಗಬೇಕೆ? ಎಷ್ಟು ಹಿಂದುಮುಂದಾದರೆ ನೋಟಕನಿಗೆ ತಿಳಿಯುವುದು? ದೂರದರ್ಶನ ಪ್ರಸಾರಕ್ಕಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ನೀಡಿರುವ ಲೆಕ್ಕ ಇಲ್ಲಿ ಉಪಯುಕ್ತವಾಗಿದೆ. ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ ಅದು ನೋಟಕನ ಅರಿವಿಗೆ ಬರುವುದು. ಹಿಂದಾದರೆ ಸುಮಾರು 125 ಮಿಲಿಸೆಕೆಂಡುಗಳವರೆಗೂ ಅರಿವಿಗೆ ಬಾರದು. ಈ ಪಕ್ಷಪಾತವು ನಮ್ಮ ದಿನದಿನದ ಅನುಭವಕ್ಕೆ ಹೊಂದಿಕೆಯಾಗಿಯೇ ಇದೆ. ದೂರದಲ್ಲಿ ಅಗಸನು ಬಟ್ಟೆ ಒಗೆಯುವುದು ಮೊದಲು ಕಾಣುವುದು, ಸದ್ದು ಆಮೇಲೆ ಬರುವುದು. ಧ್ವನಿಯು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಚಲಿಸುವುದರಿಂದ, ಸದ್ದು ಕಣ್ಣಿಗಿಂತ ಹಿಂದುಳಿಯುವುದು ಪ್ರಕೃತಿಸಹಜ. ಮುಂದಾಗುವುದು ಎಂದಿಗೂ ಇಲ್ಲ.

ಇದರಿಂದ ಎರಡು ಸೂತ್ರಗಳು ದೊರೆಯುವುವು. ಸಂಕಲನದಲ್ಲಿ ಪೆಟ್ಟಿಗೆ ಸರಿಯಾಗಿ ಚಿತ್ರವನ್ನು ಕೂರಿಸಲಾಗದಿದ್ದರೆ, ಅದನ್ನು ಒಂದು ಬಿಡಿಚಿತ್ರದಷ್ಟು ಮೊದಲೇ ಇಡುವುದು ಮೇಲು, ತಡವಾಗಿ ಇಡುವುದು ಕೀಳು. ಎರಡನೆಯದಾಗಿ, ಬಯಲಿನಲ್ಲಿ ಸಂಗೀತವನ್ನು ನುಡಿಸಿ ನರ್ತಿಸುವವರನ್ನು ಚಿತ್ರಿಸುವುದಾದರೆ, ಧ್ವನಿವರ್ಧಕವನ್ನು ಕ್ಯಾಮೆರಾದ ಬಳಿಯಲ್ಲಿಡದೆ ನರ್ತಕರ ಬಳಿಯಲ್ಲಿಡಬೇಕು. ಅವರು 34 ಮೀಟರು ದೂರದಲ್ಲಿದ್ದರೆ ಪೆಟ್ಟು ಅವರನ್ನು ಮುಟ್ಟಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಹೆಜ್ಜೆಗಳೆಲ್ಲ ಎರಡೂವರೆ ಬಿಡಿಚಿತ್ರದಷ್ಟು ತಡವಾಗಿ ಬೀಳುವುವು.

ರೈಲಿನ ಕಿಟಕಿ

ಎಣಿಕೆಯಿಂದ ಕಟ್ಟಿದ ಚಿತ್ರಕ್ಕೆ ಉತ್ತಮ ನಿದರ್ಶನವೊಂದಿದೆ. ಕೆಮಿಕಲ್ ಬ್ರದರ್ಸ್ ಎಂಬ ಇಂಗ್ಲಿಷ್ ಸಂಗೀತಗಾರರ ಜೋಡಿಯ 'ಸ್ಟಾರ್ ಗಿಟಾರ್' ಎಂಬ ರಚನೆಗೆ ಫ್ರಾನ್ಸಿನ ನಿರ್ದೇಶಕ ಮಿಷೆಲ್ ಗೋಂಡ್ರಿ ತಯಾರಿಸಿದ ಚಿತ್ರವು ಅದು. ಅದರಲ್ಲಿ ಕಾಣುವುದು ಓಡುವ ರೈಲಿನ ಕಿಟಕಿಯ ಹೊರಗಿನ ನೋಟ ಮಾತ್ರ. ಆದರೆ ಕಂಬ, ಕಟ್ಟಡ, ಸೇತುವೆ ಇವೆಲ್ಲವೂ ಸಂಗೀತದ ಒಂದೊಂದು ಧ್ವನಿಗೆ ಸರಿಯಾಗಿಯೇ ಹಾಯ್ದುಹೋಗುವುವು. ಗೋಂಡ್ರಿ ದಕ್ಷಿಣ ಫ್ರಾನ್ಸಿನ ನೀಮ್ ಮತ್ತು ವಾಲಾನ್ಸ್ ಊರುಗಳ ನಡುವೆ ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಹತ್ತು ಬಾರಿ ಚಿತ್ರೀಕರಿಸಿದರು. ಆ ತುಣುಕುಗಳನ್ನು ಗಣಕದಲ್ಲಿ ಸೇರಿಸಲಾಯಿತು. ಅದಕ್ಕೆ ಮೊದಲು ಅವರು ಮಾಡಿದ ಕೆಲಸವೇ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದದ್ದು: ಇಡೀ ಸಂಗೀತವನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿಕೊಂಡು, ಕಿತ್ತಳೆಹಣ್ಣು, ಫೋರ್ಕು, ಪುಸ್ತಕ, ಲೋಟ, ಬೂಟು ಇವನ್ನು ಸಾಲಾಗಿ ಇಟ್ಟು ಚಿತ್ರದ ಮಾದರಿಯನ್ನು ಕಟ್ಟಿ ನೋಡಿದ್ದರು. ಆ ಪ್ರಯೋಗಕ್ಕೆ ಹಣದ ಅಗತ್ಯವೇ ಇಲ್ಲ.

ರೈಲಿನ ಕಿಟಕಿಯೇ ಏಕೆ ಇಷ್ಟು ಹೊಂದಿಕೊಳ್ಳುವುದು? ರೈಲು ಗಂಟೆಗೆ 108 ಕಿಲೋಮೀಟರು, ಎಂದರೆ ಸೆಕೆಂಡಿಗೆ 30 ಮೀಟರು ವೇಗದಲ್ಲಿ ಓಡುತ್ತಿದೆಯೆಂದು ಊಹಿಸಿರಿ. ಹಳಿಯ ಪಕ್ಕದ ಕಂಬಗಳು 60 ಮೀಟರಿಗೆ ಒಂದರಂತೆ ಇದ್ದರೆ, ಎರಡು ಸೆಕೆಂಡಿಗೆ ಒಂದು ಕಂಬ ದಾಟುವುದು. ನಮ್ಮ ಉದಾಹರಣೆಯಲ್ಲಿ ಇದೇ ಒಂದು ಆವರ್ತ. ಇನ್ನು ಕ್ಯಾಮೆರಾದ ದೃಷ್ಟಿಯ ಅಗಲ 60 ಡಿಗ್ರಿಯಾಗಿದ್ದರೆ, 3 ಮೀಟರು ದೂರದ ಕಂಬವು ಚಿತ್ರದ ಒಂದು ಅಂಚಿನಿಂದ ಇನ್ನೊಂದಕ್ಕೆ ಹಾಯಲು ಸೆಕೆಂಡಿನ ಒಂಬತ್ತನೆಯ ಒಂದು ಭಾಗ ಸಾಕು. 300 ಮೀಟರು ದೂರದ ತೆಂಗಿನ ಮರಕ್ಕೆ ಹನ್ನೊಂದೂವರೆ ಸೆಕೆಂಡು ಬೇಕು. 3 ಕಿಲೋಮೀಟರು ದೂರದ ಬೆಟ್ಟಕ್ಕೆ ಹೆಚ್ಚು ಕಡಿಮೆ ಎರಡು ನಿಮಿಷ ಬೇಕು. ಹತ್ತಿರದ್ದು ಪೆಟ್ಟಿನಂತೆ ಹೊಡೆಯುವುದು, ನಡುವಣದು ಪಲ್ಲವಿಯಂತೆ ಸುಳಿಯುವುದು, ದೂರದ್ದು ಶ್ರುತಿಯಂತೆ ನಿಂತಿರುವುದು. ಒಂದೇ ನೋಟದಲ್ಲಿ ಸಂಗೀತದ ಮೂರು ಪದರಗಳು! ಕಂಬದ ಅಂತರವನ್ನೂ ರೈಲಿನ ವೇಗವನ್ನೂ ಅಳೆದು, ವ್ಯತ್ಯಾಸವಿದ್ದಷ್ಟು ಚಿತ್ರದ ವೇಗವನ್ನು ಸಂಕಲನದಲ್ಲಿ ಹೆಚ್ಚಿಸಬಹುದು ಅಥವಾ ಕುಗ್ಗಿಸಬಹುದು. ಚಿತ್ರೀಕರಣವನ್ನು ಮಾತ್ರ ಬಾಗಿಲಲ್ಲಿ ನಿಲ್ಲದೆ, ಕಿಟಕಿಯ ಒಳಗೆ ಕುಳಿತೇ ಮಾಡತಕ್ಕದ್ದು.

ನಾದವೇ ಬಿಡಿಸುವ ಚಿತ್ರ

ಹೊರಗೆ ಹೋಗಲಾಗದವರಿಗೆ ಕಾಲೇಜಿನ ಪ್ರಯೋಗಶಾಲೆಯೇ ಚಿತ್ರಶಾಲೆಯಾಗಬಹುದು. ಜರ್ಮನಿಯ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಲೋಹದ ತಟ್ಟೆಯ ಮೇಲೆ ನಯವಾದ ಮರಳನ್ನು ಚೆಲ್ಲಿ ತಟ್ಟೆಯನ್ನು ಕಂಪಿಸಿದರೆ, ಮರಳು ಕಂಪನವಿಲ್ಲದ ರೇಖೆಗಳಿಗೆ ಸರಿದು ರಂಗವಲ್ಲಿಯಂತೆ ನಿಲ್ಲುವುದು. ತಟ್ಟೆಯು ಎಲ್ಲ ಸ್ವರಗಳಿಗೂ ಹೀಗೆ ಸ್ಪಂದಿಸುವುದಿಲ್ಲ. ತನಗೆ ಒಪ್ಪುವ ಕೆಲವೇ ಆವೃತ್ತಿಗಳಿಗೆ ಸ್ಪಂದಿಸುವುದು. ಆ ಆವೃತ್ತಿಗಳನ್ನು ಮೊದಲೇ ಪಟ್ಟಿಮಾಡಿ, ಸಂಗೀತ ರಚಿಸುವ ಗೆಳೆಯನಿಗೆ ಕೊಟ್ಟರೆ, ಅವನು ನೀಳವಾದ ಸ್ವರಗಳನ್ನು ಅವಕ್ಕೇ ಶ್ರುತಿಗೊಳಿಸಬಹುದು. ಆಕೃತಿ ಮೂಡಲು ಕೆಲವು ಸೆಕೆಂಡುಗಳು ಬೇಕಾಗುವುದರಿಂದ ಇದು ಪೆಟ್ಟಿಗೆ ತಕ್ಕುದಲ್ಲ, ನಿಂತ ಸ್ವರಕ್ಕೆ ತಕ್ಕುದು.

ಇನ್ನೊಂದು ಪ್ರಯೋಗ ಕ್ಯಾಮೆರಾಕ್ಕೆ ಮಾತ್ರ ಮೀಸಲಾದದ್ದು. ನೀರಿನ ಸಣ್ಣ ಕೊಳವೆಯನ್ನು ಧ್ವನಿವರ್ಧಕದ ಪೊರೆಗೆ ತಾಗುವಂತೆ ಕಟ್ಟಿ, ಸೆಕೆಂಡಿಗೆ 25 ಕಂಪನಗಳ ಸ್ವರವನ್ನು ಕೊಟ್ಟು, ಸೆಕೆಂಡಿಗೆ 25 ಬಿಡಿಚಿತ್ರಗಳಂತೆಯೇ, ಅತಿ ಕಿರಿದಾದ ಅವಧಿಯ ಬೆಳಕಿನಲ್ಲಿ ಚಿತ್ರಿಸಿದರೆ, ಬೀಳುವ ಧಾರೆಯು ಅಲೆಯಾಕಾರವಾಗಿ ಗಾಳಿಯಲ್ಲಿ ಹೆಪ್ಪುಗಟ್ಟಿದಂತೆ ಕಾಣುವುದು. ಸ್ವರವನ್ನು 24ಕ್ಕೆ ಇಳಿಸಿದರೆ ಅಲೆಯು ಪ್ರತಿ ಬಿಡಿಚಿತ್ರದಲ್ಲಿಯೂ ಸ್ವಲ್ಪ ಹಿಂದೆ ಬಿದ್ದಂತಾಗಿ, ನೀರು ಮೇಲಕ್ಕೆ ಹರಿಯುವ ಭ್ರಮೆಯುಂಟಾಗುವುದು. ಎದುರಿಗೆ ನಿಂತವನಿಗೆ ಇದಾವುದೂ ಕಾಣದು.

ಮಿಂಚಿನ ಅಪಾಯ

ಪೆಟ್ಟಿಗೊಂದು ಬೆಳಕಿನ ಮಿಂಚನ್ನು ಕೊಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಇಲ್ಲಿ ಎಚ್ಚರಿಕೆ ಅತ್ಯಗತ್ಯ. 1997ರ ಡಿಸೆಂಬರ್ 16ರಂದು ಜಪಾನಿನ ದೂರದರ್ಶನದಲ್ಲಿ ಪೋಕೆಮಾನ್ ಎಂಬ ಮಕ್ಕಳ ಚಿತ್ರಮಾಲೆಯ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು ಹನ್ನೆರಡು ಬಾರಿ ಮಿಂಚಿದುವು. ಆ ಸಂಜೆ ಆರುನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಅವರಲ್ಲಿ ಬಹುಪಾಲು ಮಕ್ಕಳು. ಮಿಣುಕುವ ಬೆಳಕಿನಿಂದ ಅಪಸ್ಮಾರದ ಸೆಳವು ಬರುವ ಪ್ರಕೃತಿ ಕೆಲವರಲ್ಲಿ ಇರುವುದು. ಎಷ್ಟೋ ವೇಳೆ ಮೊದಲ ಸೆಳವು ಬರುವವರೆಗೂ ಅದು ಅವರಿಗೇ ತಿಳಿದಿರುವುದಿಲ್ಲ.

ಆದುದರಿಂದ ಯಾವುದೇ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿಂಚುಗಳಿರಬಾರದೆಂಬ ನಿಯಮ ಈಗ ಬಳಕೆಯಲ್ಲಿದೆ. ನಮ್ಮ ಉದಾಹರಣೆಯಲ್ಲಿ ಪೆಟ್ಟಿಗೊಂದು ಮಿಂಚೆಂದರೆ ಸೆಕೆಂಡಿಗೆ ಎರಡು, ಇದು ನಿಯಮದೊಳಗಿದೆ. ಅರ್ಧಪೆಟ್ಟಿಗೊಂದು ಎಂದರೆ ನಾಲ್ಕು, ನಿಯಮ ಮೀರಿತು. ಕಾಲುಪೆಟ್ಟಿಗೊಂದು ಎಂದರೆ ಎಂಟು. ಇದು ಸ್ಪಷ್ಟವಾಗಿ ಅಪಾಯದ ವಲಯ. ದಟ್ಟ ಕೆಂಪಿನ ಮಿಂಚನ್ನಂತೂ ಪೂರ್ತಿಯಾಗಿ ಬಿಡುವುದೇ ಲೇಸು. ಕಾಲೇಜಿನ ಉತ್ಸವದಲ್ಲಿ ದೊಡ್ಡ ಪರದೆಯ ಮೇಲೆ, ಕತ್ತಲೆಯಲ್ಲಿ ಕುಳಿತ ನೂರಾರು ಎಳೆಯರಿಗೆ ತೋರಿಸುವ ಚಿತ್ರದಲ್ಲಿ ಈ ಗುಣಾಕಾರವನ್ನು ತಪ್ಪದೆ ಮಾಡಬೇಕು.

ಕಲೆಯ ದೃಷ್ಟಿಯಿಂದಲೂ ಈ ಮಿತವ್ಯಯ ಒಳ್ಳೆಯದು. ಪ್ರತಿಯೊಂದು ಪೆಟ್ಟಿಗೂ ಚಿತ್ರ ಬದಲಾದರೆ, ಒಂದು ನಿಮಿಷದಲ್ಲಿ ನೋಟಕನಿಗೆ ಬೇಸರ ಬರುವುದು. ಮುಂದೇನೆಂಬುದು ಅವನಿಗೆ ಮೊದಲೇ ತಿಳಿದಿರುವುದು. ಹನ್ನೆರಡು ಖಂಡಗಳಲ್ಲಿ ಮೊದಲೆರಡರಲ್ಲಿ ಆವರ್ತಕ್ಕೊಂದು ಬದಲಾವಣೆ, ನಡುವೆ ಪೆಟ್ಟಿಗೊಂದು, ಪೆಟ್ಟು ನಿಂತು ನಾದ ಮಾತ್ರ ಉಳಿಯುವ ಖಂಡದಲ್ಲಿ ಹದಿನಾರು ಸೆಕೆಂಡೂ ಕದಲದ ಒಂದೇ ನೋಟ, ಹೀಗೆ ಹಂಚಿದರೆ ಬದಲಾವಣೆಗೆ ಬೆಲೆ ಬರುವುದು. ಎಷ್ಟು ದೃಶ್ಯಗಳು ಬೇಕು, ಯಾವುದಕ್ಕೆ ಎಷ್ಟು ಹೊತ್ತು ಎಂಬುದು ಆ ಒಂದು ಹಾಳೆಯಲ್ಲಿಯೇ ತಿಳಿದಿರುವುದರಿಂದ, ನಾಲ್ವರು ಕೆಲಸವನ್ನು ಹಂಚಿಕೊಂಡು ಒಂದೇ ದಿನದಲ್ಲಿ ಚಿತ್ರೀಕರಣವನ್ನು ಮುಗಿಸಬಹುದು.

ಚಿತ್ರ ಸಿದ್ಧವಾದ ಮೇಲೆ ಅದನ್ನು ಪರೀಕ್ಷಿಸಲು ಸುಲಭವಾದ ಪ್ರಯೋಗವೊಂದುಂಟು. ಧ್ವನಿಯನ್ನು ಪೂರ್ತಿಯಾಗಿ ನಿಲ್ಲಿಸಿ, ಆ ಸಂಗೀತವನ್ನು ಎಂದೂ ಕೇಳದ ಒಬ್ಬರಿಗೆ ಚಿತ್ರವನ್ನು ಮಾತ್ರ ತೋರಿಸಿ, ನೋಡುತ್ತಾ ಮೇಜಿನ ಮೇಲೆ ತಾಳ ಹಾಕಲು ಹೇಳಿರಿ. ಅವರ ಬೆರಳು ಎಲ್ಲಿ ತಡವರಿಸುವುದೋ ಆ ಖಂಡವನ್ನು ಗ್ರಾಫ್ ಕಾಗದದಲ್ಲಿ ಗುರುತಿಸಿಕೊಂಡು, ಅಲ್ಲಿನ ಎಣಿಕೆಯನ್ನು ಮತ್ತೊಮ್ಮೆ ಮಾಡತಕ್ಕದ್ದು.