ಬೇತಮಂಗಲ ಯಾವ ತಾಲ್ಲೂಕಿನದು? ಶಾಸನದ ಫೋಟೊಗಳನ್ನು ಹಲವು ಯಂತ್ರಗಳಲ್ಲಿ ಕಾಯುವ ಬಗ್ಗೆ

ಬೇತಮಂಗಲದ ಶಾಸನಗಳನ್ನು ಹುಡುಕುವವರು ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ (ರೈಸ್, 1905) ತೆಗೆದರೆ ಅವು ಬೌರಿಂಗ್‌ಪೇಟೆ ತಾಲ್ಲೂಕಿನ ಕೆಳಗೆ ಸಿಗುತ್ತವೆ. ಬೌರಿಂಗ್‌ಪೇಟೆ ಆಮೇಲೆ ಬಂಗಾರಪೇಟೆ ಆಯಿತು. ಈಚೆಗೆ ಕೆಜಿಎಫ್ ಬೇರೆ ತಾಲ್ಲೂಕಾಗಿ, ಬೇತಮಂಗಲ ಅದಕ್ಕೆ ಸೇರಿತು. ಕಲ್ಲು ಮಾತ್ರ ಇದ್ದಲ್ಲೇ ಇದೆ, ಅದರ ಸಂಖ್ಯೆಯೂ ರೈಸ್ ಕೊಟ್ಟದ್ದೇ.

ಇದನ್ನು ಯಾಕೆ ಹೇಳ್ತಿದೀನಿ ಅಂದ್ರೆ, ಶಾಸನದ ಫೋಟೊ ಎಲ್ಲಿಡ್ತೀರಿ, ಕಳೆದುಹೋಗಲ್ವಾ ಅಂತ ಓದುಗರು ಕೇಳುತ್ತಿರುತ್ತಾರೆ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ನಾಲ್ಕು ಹಳೆ ಡೆಸ್ಕ್‌ಟಾಪ್‌ಗಳನ್ನು ಜೋಡಿಸಿ ಹಡೂಪ್‌ನ ಎಚ್‌ಡಿಎಫ್‌ಎಸ್ ಹಾಕಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ಕೆಲಸಕ್ಕೆ ಇಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಆಫೀಸಿನಲ್ಲಿ ದಿನವೂ ಅದರ ಜೊತೆಗೇ ಏಗುವುದರಿಂದ ಕೈಗೆ ಅದೇ ಬಂತು, ಅಷ್ಟೇ.

ಅದರ ಒಳಗಿನ ಏರ್ಪಾಡು ಹೀಗಿದೆ. ಒಂದು ಯಂತ್ರ ನೇಮ್‌ನೋಡ್, ಅಂದ್ರೆ ಊರಿನ ಶಾನುಭೋಗರ ಲೆಕ್ಕದ ಪುಸ್ತಕ. ಯಾವ ಹೆಸರಿನ ಫೈಲು, ಅದರಲ್ಲಿ ಯಾವ ಯಾವ ಬ್ಲಾಕುಗಳು, ಅವು ಯಾವ ಯಂತ್ರದಲ್ಲಿವೆ ಎಂಬುದಷ್ಟೇ ಅದಕ್ಕೆ ಗೊತ್ತು. ಫೋಟೊದ ಬೈಟುಗಳು ಇರುವುದು ಉಳಿದ ಮೂರರಲ್ಲಿ, ಡೇಟಾನೋಡ್‌ಗಳಲ್ಲಿ. ದೊಡ್ಡ ಫೈಲನ್ನು 128 ಎಂಬಿಯ ಬ್ಲಾಕುಗಳಾಗಿ ಒಡೆದು, ಒಂದೊಂದಕ್ಕೂ ಮೂರು ಪ್ರತಿ ಮಾಡಿ ಹಂಚುವುದು ರೂಢಿಯ ಅಳತೆ. ಫೋಟೊ ಓದುವಾಗ ಬೈಟುಗಳು ಡೇಟಾನೋಡ್‌ನಿಂದ ನೇರ ಬರುತ್ತವೆ. ಫೈಲಿನ ಮೇಲಿನ ಹುಕುಂಗಳು, ಅಂದರೆ ಹೆಸರು ಬದಲಿಸು, ಪ್ರತಿ ಹೆಚ್ಚಿಸು, ಇವರಿಗೆ ಬಿಡಬೇಡ ಎಂಬಂಥವು, ನೇಮ್‌ನೋಡ್‌ಗೆ ಹೋಗುತ್ತವೆ.

ಮೊದಲು ನಾನು ಫೋಲ್ಡರುಗಳನ್ನು ತಾಲ್ಲೂಕುವಾರು ಮಾಡಿದ್ದೆ. ಕೆಜಿಎಫ್ ತಾಲ್ಲೂಕು ಆದಾಗ ಬೇತಮಂಗಲದ ಫೋಲ್ಡರನ್ನು ಅದರ ಕೆಳಗೆ ಸರಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು, ಯಾಕೆಂದರೆ ಒಂದು ಬ್ಲಾಕೂ ಅಲುಗಿಲ್ಲ, ಪುಸ್ತಕದಲ್ಲಿ ಒಂದು ಸಾಲು ತಿದ್ದಿತು ಅಷ್ಟೆ. ಆದರೆ ನನ್ನ ಟಿಪ್ಪಣಿಗಳಲ್ಲಿದ್ದ ಹಳೆ ದಾರಿಗಳೆಲ್ಲ ಮುರಿದವು. ಈಗ ಫೋಲ್ಡರಿನ ಹೆಸರು ರೈಸ್ ಕೊಟ್ಟ ಸಂಖ್ಯೆಯೇ. ಸರ್ಕಾರ ಇನ್ನೊಂದು ತಾಲ್ಲೂಕು ಮಾಡಿದರೂ ತೊಂದರೆಯಿಲ್ಲ.

ಇನ್ನು ನಾನು ಮಾಡಿದ ತಪ್ಪು. ಸೆಟ್‌ರೆಪ್ ಅಂತ ಒಂದು ಹುಕುಂ ಇದೆ. ಈ ಫೋಲ್ಡರಿಗೆ ಇಷ್ಟು ಪ್ರತಿ ಇರಲಿ ಅಂತ ಅದರಿಂದ ಹೇಳಬಹುದು. ಹೆಚ್ಚಿಸಿದರೆ ನೇಮ್‌ನೋಡ್ ಡೇಟಾನೋಡ್‌ಗಳಿಂದ ನಕಲು ಮಾಡಿಸುತ್ತದೆ, ಇಳಿಸಿದರೆ ಹೆಚ್ಚಾದದ್ದನ್ನು ಅಳಿಸುತ್ತದೆ. ಒಂದು ವೀರಗಲ್ಲನ್ನು ತ್ರೀಡಿ ಮಾಡಲು ನಾನು ಸುಮಾರು 150 ಫೋಟೊ ತೆಗೆಯುತ್ತೇನೆ, ಒಂದೊಂದು 25 ಎಂಬಿ. ಒಂದು ಕಲ್ಲಿಗೆ 3.75 ಜಿಬಿ, ಮೂರು ಪ್ರತಿಗೆ 11 ಜಿಬಿ ದಾಟುತ್ತದೆ. ಡಿಸ್ಕ್ ತುಂಬಿತು. ತ್ರೀಡಿ ಮಾದರಿ ಆಗಿದೆಯಲ್ಲ, ಮೂಲ ಫೋಟೊಗಳಿಗೆ ಸದ್ಯಕ್ಕೆ ಒಂದೇ ಪ್ರತಿ ಸಾಕು ಅಂತ ಸೆಟ್‌ರೆಪ್ 1 ಕೊಟ್ಟೆ. ಹೊಸ ಡಿಸ್ಕ್ ತಂದಮೇಲೆ ವಾಪಸ್ 3 ಮಾಡೋಣ ಅಂದುಕೊಂಡವನು ಮರೆತೇಬಿಟ್ಟೆ.

ಒಂದು ರಾತ್ರಿ ಕರೆಂಟು ಹೋಗಿ ಬಂದಾಗ ಒಂದು ಡಿಸ್ಕ್ ಸತ್ತಿತು. ವಿಚಿತ್ರ ನೋಡಿ, ಪಟ್ಟಿ ತೆಗೆದರೆ ಫೈಲುಗಳೆಲ್ಲ ಹೆಸರು, ಗಾತ್ರ, ತಾರೀಖಿನ ಸಮೇತ ಕಾಣುತ್ತಿದ್ದವು. ಪಟ್ಟಿ ಬರುವುದು ನೇಮ್‌ನೋಡ್‌ನ ಪುಸ್ತಕದಿಂದ, ಮತ್ತು ಪುಸ್ತಕ ಸರಿಯಾಗಿಯೇ ಇತ್ತು. ಎಫ್‌ಎಸ್‌ಸಿಕೆ ಓಡಿಸಿದಾಗಲೇ ಬ್ಲಾಕುಗಳು ಇಲ್ಲ ಅಂತ ಗೊತ್ತಾದದ್ದು. ಕಾಮಸಮುದ್ರದ ಕಡೆಯ ಒಂದು ವೀರಗಲ್ಲಿನ ಮೂಲ ಫೋಟೊಗಳು ಹೋದವು. ಉಳಿದ ತ್ರೀಡಿ ಮಾದರಿಯಲ್ಲಿ ಎರಡನೇ ಸಾಲಿನ ಎರಡು ಅಕ್ಷರ ಸ್ಪಷ್ಟವಿಲ್ಲ, ಸವೆದ ಕಡೆ ಮಾದರಿ ನುಣ್ಣಗಾಗಿಬಿಡುತ್ತದೆ. ಮತ್ತೆ ಹೋಗಿ ನೋಡಿದರೆ ಕಲ್ಲಿಗೆ ಆಯಿಲ್ ಪೇಂಟ್ ಹೊಡೆದು ಪೂಜೆ ಶುರುವಾಗಿದೆ. ಬಣ್ಣ ಕೆರೆಯಿರಿ ಅಂತ ಆ ಊರಿನವರನ್ನು ಕೇಳುವ ಧೈರ್ಯ ನನಗಿಲ್ಲ, ಕೇಳುವುದು ಸರಿಯೂ ಅಲ್ಲ. ಅದು ಅವರ ದೇವರು.

ಅನುಮತಿಯ ವಿಷಯದಲ್ಲೂ ಹೊಸಬರು ಎಡವುತ್ತಾರೆ. ಫೈಲಿಗೆ ‘ಓದಲು ಮಾತ್ರ’ ಅಂತ ಹಾಕಿದರೆ ಅಳಿಸಲು ಬರುವುದಿಲ್ಲ ಎಂದುಕೊಳ್ಳಬೇಡಿ. ಅಳಿಸುವ ಅಧಿಕಾರ ತೀರ್ಮಾನವಾಗುವುದು ಅದು ಕೂತಿರುವ ಫೋಲ್ಡರಿನ ಅನುಮತಿಯಿಂದ. ಇನ್ನೊಂದು, ಕರ್ಬೆರಾಸ್ ಜೋಡಿಸದಿದ್ದರೆ ಎಚ್‌ಡಿಎಫ್‌ಎಸ್ ನಿಮ್ಮ ಹೆಸರನ್ನು ಪರೀಕ್ಷಿಸುವುದೇ ಇಲ್ಲ. ನಾನು ಇಂಥವನು ಅಂದರೆ ನಂಬಿಬಿಡುತ್ತದೆ. ನಮ್ಮ ದಾನಶಾಸನಗಳ ಕೊನೆಯ ಶಾಪಾಶಯ ನೆನಪಾಗುತ್ತೆ: ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ. ಅದು ಪಾಪಕ್ಕೆ ಹೆದರುವವನನ್ನು ಮಾತ್ರ ತಡೆಯುತ್ತದೆ. ಕಸದಬುಟ್ಟಿಯೂ ತಾನಾಗಿ ಚಾಲೂ ಇರುವುದಿಲ್ಲ, ಅದರ ಅವಧಿ ಮೊದಲಿಗೆ 0. ಅಳಿಸಿದರೆ ಅಳಿಸಿದಂತೆಯೇ. ಅದನ್ನು ನಿಮಿಷಗಳಲ್ಲಿ ನೀವೇ ಕೊಡಬೇಕು. ಮುಖ್ಯ ಫೋಲ್ಡರುಗಳಿಗೆ ಸ್ನ್ಯಾಪ್‌ಶಾಟ್ ತೆಗೆಯುವ ಅಭ್ಯಾಸ ಇಟ್ಟುಕೊಳ್ಳಿ. ಆಮೇಲೆ ಏನೇ ಅಳಿಸಿದರೂ ಆ ದಿನದ ಸ್ಥಿತಿ ಹಾಗೇ ಉಳಿದಿರುತ್ತದೆ.

ಹಳಬರು ದಾನವನ್ನು ದೇವಸ್ಥಾನದ ಕಲ್ಲಿನಲ್ಲೂ ಬರೆಸಿ, ದಾನ ಪಡೆದವನ ಕೈಗೆ ತಾಮ್ರಪಟವನ್ನೂ ಕೊಡುತ್ತಿದ್ದದ್ದುಂಟು. ಎರಡು ಪ್ರತಿ, ಎರಡು ಜಾಗ. ನನ್ನ ಮೂರು ಪ್ರತಿಗಳು ಒಂದೇ ಕೋಣೆಯಲ್ಲಿವೆ, ಕಳ್ಳನ ಲೆಕ್ಕದಲ್ಲಿ ಅದು ಒಂದೇ ಪ್ರತಿ. ಅದಕ್ಕೇ ತಿಂಗಳಿಗೊಮ್ಮೆ ಒಂದು ಹಾರ್ಡ್‌ಡಿಸ್ಕ್ ಹಿಡಿದು ಮಾರಿಕುಪ್ಪಂ ರೈಲು ಹತ್ತಿ, ರಾಬರ್ಟ್‌ಸನ್‌ಪೇಟೆಯ ಗೆಳೆಯನ ಬೀರುವಿನಲ್ಲಿಟ್ಟು ಬರುತ್ತೇನೆ.

ಮೂಲ ಫೋಟೊಗಳಿಗೆ ಈಗ ಸೆಟ್‌ರೆಪ್ 3. ವಾರಕ್ಕೊಮ್ಮೆ ಎಫ್‌ಎಸ್‌ಸಿಕೆ ಓಡಿ ಫಲಿತಾಂಶ ಫೋನಿಗೆ ಬರುತ್ತದೆ. ಆ ವೀರಗಲ್ಲಿನ ಪಾಠದಲ್ಲಿ ಎರಡನೇ ಸಾಲಿನ ಎರಡು ಅಕ್ಷರಗಳ ಜಾಗಕ್ಕೆ ಚುಕ್ಕಿ ಇಟ್ಟಿದ್ದೇನೆ. ಬಣ್ಣ ಹೊಡೆಯುವ ಮುಂಚೆ ಕಾಮಸಮುದ್ರದ ಕಡೆ ಹೋಗಿ ವೀರಗಲ್ಲುಗಳ ಫೋಟೊ ತೆಗೆದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಮೊಬೈಲಿನದ್ದಾದರೂ ಸರಿ, ದಯವಿಟ್ಟು ಕಳಿಸಿ.