ಹಳೆಯ ಕಾರಿನ ಚುಕ್ಕಾಣಿ

ಯಂತ್ರಕ್ಕೆ ಮುಪ್ಪು ಒಂದೇ ಸಲಕ್ಕೆ ಬರುವುದಿಲ್ಲ. ಅದರ ಒಂದೊಂದು ಅಂಗವೂ ತಾನು ಮಾಡುವ ಕೆಲಸಕ್ಕೆ ತಕ್ಕಂತೆ ಬೇರೆಬೇರೆ ವೇಗದಲ್ಲಿ ಸವೆಯುತ್ತದೆ. ಮೋಟಾರು ಕಾರಿನ ಎಂಜಿನ್ನು ಕೆಟ್ಟರೆ ಸಾಮಾನ್ಯವಾಗಿ ಕಾರು ನಿಂತುಬಿಡುತ್ತದೆ. ಚುಕ್ಕಾಣಿ, ಎಂದರೆ ಸ್ಟಿಯರಿಂಗ್ ವ್ಯವಸ್ಥೆ, ಕೆಟ್ಟರೆ ಹಾಗಲ್ಲ. ಕಾರು ಓಡುತ್ತಲೇ ಇರುತ್ತದೆ, ಆದರೆ ಚಾಲಕನು ಹೇಳಿದ ಕಡೆಗೆ ಓಡುವುದಿಲ್ಲ. ಆದುದರಿಂದ ಹಳೆಯ ವಾಹನವನ್ನು ಮತ್ತೆ ರಸ್ತೆಗೆ ತರುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಇದನ್ನೇ.

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಬಾಗೂರು ಎಂಬ ಊರಿದೆ. ಚೆನ್ನಕೇಶವನ ದೇವಾಲಯದಿಂದ ಹೆಸರಾದ ಊರು ಅದು. ಅಂಥ ಊರಿನ ಒಂದು ಮನೆಯ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಜೀಪೋ ಅಂಬಾಸಡರ್ ಕಾರೋ ನಿಂತಿದೆಯೆಂದು ಭಾವಿಸೋಣ. ಎಂಜಿನ್ನು ಹೊರಡುತ್ತದೆ, ಬ್ರೇಕು ಹಿಡಿಯುತ್ತದೆ. ಆದರೆ ಚುಕ್ಕಾಣಿಯ ಚಕ್ರವನ್ನು ಎರಡು ಮೂರು ಬೆರಳಗಲ ತಿರುಗಿಸಿದರೂ ಮುಂದಿನ ಗಾಲಿ ಅಲುಗುವುದಿಲ್ಲ. ಗುಜರಿಗೆ ಕೊಡೋಣವೆಂದು ಮನೆಯಲ್ಲಿ ಕೆಲವರು, ಉಳಿಸಿಕೊಳ್ಳೋಣವೆಂದು ಕೆಲವರು. ಉಳಿಸಿಕೊಳ್ಳುವುದಾದರೆ ಬೇಕಾದ ಭಾಗಗಳು ಎಲ್ಲಿ ಸಿಕ್ಕಾವು? ಸಿಗದವನ್ನು ಮತ್ತೆ ಮಾಡಿಸಬಹುದೆ? ಮಾಡಿಸಿದ ಭಾಗವನ್ನು ನಂಬಬಹುದೆ? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕೋಣ.

ಎರಡು ಬೆರಳಗಲದ ಲೆಕ್ಕ

ಮೆಕ್ಯಾನಿಕರು ‘ಪ್ಲೇ’ ಎಂದು ಕರೆಯುವ ಈ ಸಡಿಲವು ಎಷ್ಟು ಅಪಾಯಕಾರಿ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಚುಕ್ಕಾಣಿ ಚಕ್ರದ ವ್ಯಾಸ 40 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಅದರ ಅಂಚಿನಲ್ಲಿ 4 ಸೆಂಟಿಮೀಟರು ಸಡಿಲವಿದ್ದರೆ, ಅದು ಸುಮಾರು 11.5 ಡಿಗ್ರಿ ಕೋನಕ್ಕೆ ಸಮ. ಚುಕ್ಕಾಣಿಯು 15 ಡಿಗ್ರಿ ತಿರುಗಿದಾಗ ಗಾಲಿಯು 1 ಡಿಗ್ರಿ ತಿರುಗುವ ಏರ್ಪಾಡಿದ್ದರೆ, ಗಾಲಿಯ ಮಟ್ಟದಲ್ಲಿ ಈ ಸಡಿಲವು ಮುಕ್ಕಾಲು ಡಿಗ್ರಿಯಷ್ಟಾಗುತ್ತದೆ. ಕೇಳುವುದಕ್ಕೆ ಅಲ್ಪವೇ ಸರಿ. ಆದರೆ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.4 ಮೀಟರು ಅಂತರವಿರುವ ಕಾರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವಾಗ ಗಾಲಿಗಳು ಅಷ್ಟು ತಿರುಗಿ ನಿಂತರೆ, ಒಂದೇ ಸೆಕೆಂಡಿನಲ್ಲಿ ಕಾರು ಸುಮಾರು ಮುಕ್ಕಾಲು ಮೀಟರು ಪಕ್ಕಕ್ಕೆ ಸರಿಯುತ್ತದೆ. ಕಿರಿದಾದ ಹಳ್ಳಿಯ ರಸ್ತೆಯಲ್ಲಿ ಎದುರಿನಿಂದ ಬರುವ ಸೈಕಲ್ಲಿನವನಿಗೂ ಕಾರಿಗೂ ನಡುವೆ ಇರುವ ಜಾಗವೇ ಅಷ್ಟು!

ಸಡಿಲವು ಎಲ್ಲಿಂದ ಬರುತ್ತದೆ?

ಚಾಲಕನ ಕೈಯಿಂದ ಗಾಲಿಯವರೆಗೆ ಚಲನೆಯು ಒಂದು ಸರಪಣಿಯಂತೆ ಸಾಗುತ್ತದೆ. ಚುಕ್ಕಾಣಿಯ ಕಂಬ, ಅದರ ತುದಿಯ ಸ್ಟಿಯರಿಂಗ್ ಬಾಕ್ಸು, ಅಲ್ಲಿಂದ ಹೊರಟ ಸಲಾಕಿಗಳು, ಸಲಾಕಿಗಳ ತುದಿಯಲ್ಲಿರುವ ಗುಂಡುಕೀಲುಗಳು, ಕಡೆಗೆ ಗಾಲಿಯು ತಿರುಗುವ ಕಿಂಗ್ ಪಿನ್ನು. ಒಂದೊಂದು ಸಂದಿನಲ್ಲಿಯೂ ಕೂದಲೆಳೆಯಷ್ಟು ಸವೆತವಾದರೂ ಸಾಕು, ಅವೆಲ್ಲ ಕೂಡಿ ಚಾಲಕನ ಕೈಗೆ ಬೆರಳಗಲವಾಗಿ ತೋರುತ್ತವೆ. ಆದುದರಿಂದ ಯಾವುದೋ ಒಂದು ಭಾಗವನ್ನು ಕೊಂಡು ಹಾಕುವ ಮೊದಲು ಯಾವುದು ಸವೆದಿದೆಯೆಂದು ಕಂಡುಹಿಡಿಯಬೇಕು. ವಿಧಾನ ಸುಲಭ. ಒಬ್ಬರು ಚುಕ್ಕಾಣಿಯನ್ನು ಅತ್ತಿತ್ತ ಮೆಲ್ಲಗೆ ಆಡಿಸುತ್ತಿರಲು ಇನ್ನೊಬ್ಬರು ಒಂದೊಂದು ಸಂದಿನ ಮೇಲೂ ಬೆರಳಿಟ್ಟು ನೋಡಬೇಕು. ಮೊದಲನೆಯ ಸಲಾಕಿ ಚಲಿಸಿದರೂ ಮುಂದಿನದು ಸುಮ್ಮನಿದ್ದರೆ ಕಳ್ಳನು ಆ ನಡುವಿನಲ್ಲಿಯೇ ಅಡಗಿದ್ದಾನೆ.

ಈ ಸಲಾಕಿಗಳ ಅಳತೆಗೆ ಒಂದು ಗಣಿತವೂ ಉಂಟು. ಕಾರು ತಿರುವಿನಲ್ಲಿರುವಾಗ ಒಳಗಿನ ಗಾಲಿಯು ಚಿಕ್ಕ ವೃತ್ತವನ್ನೂ ಹೊರಗಿನದು ದೊಡ್ಡ ವೃತ್ತವನ್ನೂ ಬರೆಯುತ್ತವೆ. ಆದುದರಿಂದ ಒಳಗಿನದು ಹೆಚ್ಚು ಕೋನಕ್ಕೆ ತಿರುಗಬೇಕು. ಮೇಲೆ ಹೇಳಿದ ಕಾರಿನಲ್ಲಿ ಎರಡು ಗಾಲಿಗಳ ನಡುವೆ 1.3 ಮೀಟರು ಅಂತರವಿದ್ದು, ತಿರುವಿನ ಕೇಂದ್ರವು ಒಳಗಿನ ಗಾಲಿಯ ಸಾಲಿನಿಂದ 5 ಮೀಟರು ದೂರವಿದ್ದರೆ, ಒಳಗಿನ ಗಾಲಿ ಸುಮಾರು 26 ಡಿಗ್ರಿ, ಹೊರಗಿನದು ಸುಮಾರು 21 ಡಿಗ್ರಿ ತಿರುಗಬೇಕಾಗುತ್ತದೆ. ಮ್ಯೂನಿಕ್ಕಿನ ಗಾಡಿ ತಯಾರಕನಾದ ಲಾಂಕೆನ್ಸ್‌ಪೆರ್ಗರ್ ಎಂಬಾತನು ಕುದುರೆ ಗಾಡಿಗಾಗಿ ಕಂಡುಹಿಡಿದ ಈ ಉಪಾಯಕ್ಕೆ 1818ರಲ್ಲಿ ಲಂಡನ್ನಿನಲ್ಲಿ ಆಕರ್ಮನ್ ಎಂಬಾತನು ಪೇಟೆಂಟ್ ಪಡೆದನು. ಅವನ ಹೆಸರೇ ಇದಕ್ಕೆ ನಿಂತಿದೆ. ಸಲಾಕಿಯ ಉದ್ದವಾಗಲಿ ತೋಳಿನ ಬಾಗಾಗಲಿ ಬದಲಾದರೆ ಈ ಲೆಕ್ಕ ಕೆಡುತ್ತದೆ, ಟಯರು ರಸ್ತೆಗೆ ಉಜ್ಜಿ ಸವೆಯುತ್ತದೆ. ‘ಹತ್ತಿರ ಹತ್ತಿರ ಅದೇ ಅಳತೆ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ವಂಶವೃಕ್ಷವನ್ನು ಹಿಡಿದು ಹುಡುಕುವುದು

ಇನ್ನು ಭಾಗಗಳ ಶೋಧ. ನಮ್ಮ ದೇಶದ ಹಳೆಯ ಕಾರುಗಳಲ್ಲಿ ಬಹುಪಾಲು ಹೊರದೇಶದ ಮಾದರಿಗಳ ಸಂತಾನ. ಅಂಬಾಸಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯಿಂದ ಬಂದುದು. ಪ್ರೀಮಿಯರ್ ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಮದರಾಸಿನಲ್ಲಿ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ರೂಪ. ಮಹೀಂದ್ರ ಜೀಪಿನ ಮೂಲ ಅಮೆರಿಕದ ವಿಲೀಸ್. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ವಂಶವೃಕ್ಷವನ್ನು ಬಲ್ಲವರಿಗೆ ಭಾಗಗಳು ದೊರೆಯುವ ದಾರಿಗಳು ಹಲವು. ಹೊಸದುರ್ಗ, ಹಿರಿಯೂರುಗಳ ಹಳೆಯ ಗ್ಯಾರೇಜುಗಳಲ್ಲಿ ವಿಚಾರಿಸಬಹುದು. ಸುಮಾರು 200 ಕಿಲೋಮೀಟರು ದೂರದ ಬೆಂಗಳೂರಿನ ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಗುಜರಿಗಳಲ್ಲಿ ಅರಸಬಹುದು. ಹೆರಾಲ್ಡಿನಂಥ ಕಾರಿಗೆ ಇಂಗ್ಲೆಂಡಿನಲ್ಲಿ ಈಗಲೂ ಹೊಸ ಭಾಗಗಳು ತಯಾರಾಗುತ್ತಿವೆ. ಮದರಾಸಿನ ರಾಣೆ ಸಂಸ್ಥೆಯು 1960ರ ಸುಮಾರಿನಲ್ಲಿಯೇ ಸಲಾಕಿಗಳ ಗುಂಡುಕೀಲುಗಳನ್ನು ಇಲ್ಲಿ ತಯಾರಿಸತೊಡಗಿತು. ಆದುದರಿಂದ ಆ ಕಾಲದ ಸರಕಿನಲ್ಲಿ ಸ್ವದೇಶದ್ದೂ ಉಂಟು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇಟಲಿಯ ಕಾರಿನಲ್ಲಿ ಚಾಲಕನು ಎಡಗಡೆ ಕೂಡುತ್ತಾನೆ. ಆದುದರಿಂದ ಅಲ್ಲಿಂದ ತರಿಸಿದ ಬುಷ್ಷು, ಗುಂಡುಕೀಲುಗಳು ನಮ್ಮ ಪದ್ಮಿನಿಗೆ ಹೊಂದಿದರೂ, ಸ್ಟಿಯರಿಂಗ್ ಬಾಕ್ಸು ಕನ್ನಡಿಯೊಳಗಿನ ಬಿಂಬದಂತೆ ತಿರುವುಮುರುವಾಗಿರುತ್ತದೆ. ಅಮೆರಿಕದ ಜೀಪಿನ ಭಾಗಕ್ಕೂ ಇದೇ ಮಾತು.

ಹೆಸರು ಸೂಚನೆ, ಅಳತೆ ಪ್ರಮಾಣ

ಡಬ್ಬದ ಮೇಲಿನ ಹೆಸರನ್ನು ನಂಬಿ ಭಾಗವನ್ನು ಕೊಳ್ಳುವುದು ತರವಲ್ಲ. ಹಳೆಯ ಭಾಗವನ್ನು ಬಿಚ್ಚಿ ಜೊತೆಯಲ್ಲಿ ಒಯ್ದು ವರ್ನಿಯರ್ ಕ್ಯಾಲಿಪರಿನಿಂದ ಅಳೆದು ನೋಡಬೇಕು. ಗುಂಡುಕೀಲಿನಲ್ಲಿ ನೋಡಬೇಕಾದುವು ಮೂರು: ಅದರ ಕಾಂಡದ ಕೂರಿಕೆ, ತಿರುಪಿನ ಸುತ್ತುಗಳು, ಸುತ್ತುಗಳ ದಿಕ್ಕು. ಅನೇಕ ಸಲಾಕಿಗಳಲ್ಲಿ ಒಂದು ತುದಿಯ ಸುತ್ತು ಬಲಗಡೆಗೂ ಇನ್ನೊಂದರದು ಎಡಗಡೆಗೂ ಇರುತ್ತದೆ. ಸಲಾಕಿಯನ್ನು ತಿರುಗಿಸಿದ ಮಾತ್ರಕ್ಕೆ ಅದರ ಉದ್ದ ಹೆಚ್ಚಿಯೋ ತಗ್ಗಿಯೋ ಗಾಲಿಗಳನ್ನು ಸರಿಹೊಂದಿಸಲು ಅನುಕೂಲವಾಗಲೆಂದೇ ಈ ಏರ್ಪಾಡು.

ತಿರುಪಿನ ಸುತ್ತು ಎಷ್ಟು ಮೋಸ ಮಾಡಬಲ್ಲದೆಂಬುದಕ್ಕೆ ಒಂದು ಉದಾಹರಣೆ. ಅರ್ಧ ಅಂಗುಲದ ಸಣ್ಣ ಸುತ್ತಿನ ತಿರುಪಿನ ವ್ಯಾಸ 12.7 ಮಿಲಿಮೀಟರು, ಅಂಗುಲಕ್ಕೆ 20 ಸುತ್ತು, ಎಂದರೆ ಸುತ್ತಿನಿಂದ ಸುತ್ತಿಗೆ 1.27 ಮಿಲಿಮೀಟರು. ಮೆಟ್ರಿಕ್ ಪದ್ಧತಿಯ ಒಂದು ತಿರುಪಿನ ವ್ಯಾಸ 12 ಮಿಲಿಮೀಟರು, ಸುತ್ತುಗಳ ಅಂತರ 1.25. ಎರಡರ ಅಂತರವೂ ಬಹುತೇಕ ಒಂದೇ ಆದುದರಿಂದ ಮೆಟ್ರಿಕ್ ತಿರುಪು ಅಂಗುಲದ ನಟ್ಟಿನೊಳಗೆ ಸಲೀಸಾಗಿ ಹೋಗುತ್ತದೆ, ಬಿಗಿಯಾದಂತೆಯೂ ತೋರುತ್ತದೆ. ಆದರೆ ಸುತ್ತುಗಳು ಒಂದನ್ನೊಂದು ತುದಿಯಲ್ಲಿ ಮಾತ್ರ ಹಿಡಿದಿರುತ್ತವೆ. ಗುಂಡಿಯ ರಸ್ತೆಯಲ್ಲಿ ಕಾರು ಎಗರಿದ ಒಂದು ಗಳಿಗೆಯಲ್ಲಿ ಅವು ಕಿತ್ತು ಬರಬಹುದು.

ಕೂರಿಕೆಯ ಪರೀಕ್ಷೆಗೆ ಬಣ್ಣ ಸಾಕು. ಕಾಂಡದ ಮೇಲೆ ಪ್ರಷ್ಯನ್ ನೀಲಿಯನ್ನು ತೆಳುವಾಗಿ ಸವರಿ, ತೋಳಿನ ರಂಧ್ರದಲ್ಲಿ ಒತ್ತಿ, ಸ್ವಲ್ಪ ತಿರುಗಿಸಿ ತೆಗೆದು ನೋಡಬೇಕು. ರಂಧ್ರದ ಉದ್ದಕ್ಕೂ ಸುತ್ತಲೂ ಬಣ್ಣ ಅಂಟಿದ್ದರೆ ಎರಡೂ ಹೊಂದುತ್ತವೆ. ಒಂದು ತುದಿಯಲ್ಲಿ ಉಂಗುರದಂತೆ ಮಾತ್ರ ಅಂಟಿದ್ದರೆ ಆ ಭಾಗ ನಮ್ಮದಲ್ಲ.

ಯಾವುದನ್ನು ಮತ್ತೆ ಮಾಡಿಸಬಹುದು?

ಕೆಲವು ಭಾಗಗಳನ್ನು ಸವೆಯಲೆಂದೇ ಮಾಡಿರುತ್ತಾರೆ. ಕಿಂಗ್ ಪಿನ್ನಿನ ಸುತ್ತಣ ಕಂಚಿನ ಬುಷ್ಷು ಅಂಥದು. ಗಟ್ಟಿಯಾದ ಉಕ್ಕಿನ ಪಿನ್ನು ಉಳಿಯಲೆಂದು ಮೆತುವಾದ ಕಂಚು ಸವೆಯುತ್ತದೆ. ಲೇತಿನ ಕೆಲಸ ಬಲ್ಲವರು ಹೊಸ ಬುಷ್ಷನ್ನು ಕಡೆದು ಕೊಡಬಲ್ಲರು. ಆದರೆ ಬುಷ್ಷನ್ನು ಬಲವಾಗಿ ಒತ್ತಿ ಕೂಡಿಸಿದಾಗ ಅದರ ರಂಧ್ರ ಸ್ವಲ್ಪ ಕುಗ್ಗುತ್ತದೆ. ಆದುದರಿಂದ ಕೂಡಿಸಿದ ಮೇಲೆಯೇ, ಮೇಲಿನ ಮತ್ತು ಕೆಳಗಿನ ಬುಷ್ಷುಗಳೆರಡನ್ನೂ ಒಂದೇ ನೇರದಲ್ಲಿ, ರೀಮರಿನಿಂದ ಪಿನ್ನಿಗೆ ಹೊಂದುವಂತೆ ಕೊರೆಯಬೇಕು.

ಸ್ಟಿಯರಿಂಗ್ ಬಾಕ್ಸಿನ ಕಥೆ ಬೇರೆ. ಕಾರು ಬಹುಕಾಲ ನೇರವಾಗಿಯೇ ಓಡುವುದರಿಂದ ಅದರ ಒಳಗಿನ ತಿರುಪುಹಲ್ಲು ನಡುಭಾಗದಲ್ಲಿ ಮಾತ್ರ ಹೆಚ್ಚು ಸವೆಯುತ್ತದೆ, ಕೊನೆಗಳಲ್ಲಿ ಹೊಸದರಂತೆಯೇ ಇರುತ್ತದೆ. ಸಡಿಲವನ್ನು ತೆಗೆಯಲೆಂದು ಹೊಂದಿಕೆಯ ತಿರುಪನ್ನು ಬಿಗಿಗೊಳಿಸಿದರೆ ನಡುವೆ ಸರಿಹೋದೀತು. ಆದರೆ ಪೂರ್ತಿ ತಿರುಗಿಸಿದಾಗ ಅದು ಸಿಕ್ಕಿಕೊಳ್ಳುತ್ತದೆ, ತಿರುವು ಮುಗಿದ ಮೇಲೆ ಚುಕ್ಕಾಣಿ ನೇರಕ್ಕೆ ಮರಳುವುದಿಲ್ಲ. ಅಂಥ ಬಾಕ್ಸಿಗೆ ಒಳಭಾಗಗಳ ಬದಲಾವಣೆಯೇ ಮದ್ದು. ಹಳೆಯ ಜೀಪಿನ ಬಾಕ್ಸಿನಲ್ಲಿ ತಿರುಪಿನ ಕಾಲುವೆಯೊಳಗೆ ಎರಡು ಗೂಟಗಳು ಓಡುತ್ತವೆ. ಆ ಗೂಟಗಳ ತುದಿ ಸವೆದಿದ್ದು ಕಾಲುವೆ ಚೆನ್ನಾಗಿದ್ದರೆ, ಗೂಟವುಳ್ಳ ತೋಳನ್ನು ಬದಲಾಯಿಸಿದರೆ ಸಾಕಾಗುವುದುಂಟು. ಅಂಬಾಸಡರ್, ಹೆರಾಲ್ಡುಗಳಲ್ಲಿ ಬಾಕ್ಸಿನ ಬದಲು ಹಲ್ಲುಪಟ್ಟಿಯಿದೆ. ಅದರ ಹಲ್ಲುಗಳೂ ನಡುವೆಯೇ ಸವೆಯುತ್ತವೆ. ಸವೆದ ಪಟ್ಟಿಯನ್ನು ಬದಲಾಯಿಸಬೇಕೇ ಹೊರತು ಹಲ್ಲಿನ ಮೇಲೆ ಲೋಹ ತುಂಬಬಾರದು.

ಯಾವುದನ್ನು ಮಾಡಿಸಬಾರದು?

ಮುರಿದ ಅಥವಾ ಸೀಳಿದ ಸಲಾಕಿ, ತೋಳುಗಳಿಗೆ ಬೆಸುಗೆ ಹಾಕಿಸಬಾರದು. ಇವನ್ನು ಮಧ್ಯಮ ಪ್ರಮಾಣದಲ್ಲಿ ಇಂಗಾಲವಿರುವ ಉಕ್ಕಿನಿಂದ ಬಡಿದು ಮಾಡಿ, ಕಾಯಿಸಿ ತಣಿಸಿ ಹದಗೊಳಿಸಿರುತ್ತಾರೆ. ಬೆಸುಗೆಯ ಕಾವು ತಟ್ಟಿದ ಅಂಚು ಬೇಗನೆ ತಣಿದಾಗ ಅಲ್ಲಿ ಮಾರ್ಟೆನ್ಸೈಟ್ ಎಂಬ ಗಟ್ಟಿಯಾದ, ಆದರೆ ಗಾಜಿನಂತೆ ಒಡೆಯುವ ರಚನೆ ಉಂಟಾಗುತ್ತದೆ. ಅದರ ಪಕ್ಕದ ಭಾಗವಾದರೋ ಹದ ಕಳೆದುಕೊಂಡು ಮೆತ್ತಗಾಗುತ್ತದೆ. ಬೆಸುಗೆ ಹೊರಗಿನಿಂದ ಎಷ್ಟು ಅಂದವಾಗಿ ಕಂಡರೂ ಸಾವಿರಾರು ಸಲ ಎಳೆತ ಒತ್ತಡಗಳಿಗೆ ಸಿಕ್ಕಿದಾಗ ಬಿರುಕು ಹುಟ್ಟುವುದು ಅಲ್ಲಿಯೇ.

ಗುಜರಿಯಿಂದ ತಂದ ತೋಳಿನಲ್ಲಿ ಕಣ್ಣಿಗೆ ಕಾಣದ ಬಿರುಕಿದೆಯೆ ಎಂದು ನೋಡುವ ಹಳೆಯ ಉಪಾಯವೊಂದಿದೆ. ಭಾಗವನ್ನು ಚೆನ್ನಾಗಿ ತೊಳೆದು ಸೀಮೆಎಣ್ಣೆಯಲ್ಲಿ ಕೆಲವು ಗಂಟೆ ನೆನೆಯಿಟ್ಟು, ಒರಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಲೇಪಿಸಬೇಕು. ಬಿರುಕಿನೊಳಗೆ ಸೇರಿದ್ದ ಎಣ್ಣೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಇನ್ನೂ ಸೂಕ್ಷ್ಮವಾದ ಬಿರುಕುಗಳನ್ನು ಕಾಂತದ ಪುಡಿಯ ಪರೀಕ್ಷೆಯಿಂದ ಕಾಣಬಹುದು. ಗೆರೆ ಕಂಡ ಭಾಗವನ್ನು ಮತ್ತೆ ಬಳಸತಕ್ಕದ್ದಲ್ಲ.

ಎಲ್ಲವನ್ನೂ ಜೋಡಿಸಿದ ಮೇಲೆ ನಟ್ಟುಗಳಿಗೆ ಹೊಸ ಸ್ಪ್ಲಿಟ್ ಪಿನ್ನು ಹಾಕಿ, ಕೀಲುಗಳಿಗೆ ಗ್ರೀಸು ತುಂಬಿ, ಗಾಲಿಗಳನ್ನು ನೇರಗೊಳಿಸಬೇಕು. ಬಯಲು ಸೀಮೆಯ ಧೂಳು ಗ್ರೀಸಿನೊಡನೆ ಬೆರೆತರೆ ಅರದಂತೆ ಉಕ್ಕನ್ನು ತೇಯುತ್ತದೆ. ಆದುದರಿಂದ ಕೀಲಿನ ಮೇಲಿನ ಹರಿದ ರಬ್ಬರ್ ಹೊದಿಕೆಯನ್ನು ಅಲ್ಪವೆಂದು ಬಿಡಲಾಗದು.

ಧರ್ಮಸ್ಥಳದ ವಾಹನ ಸಂಗ್ರಹದಲ್ಲಿಯೂ ಮೈಸೂರಿನ ಹತ್ತಿರದ ‘ಪಯಣ’ ಸಂಗ್ರಹಾಲಯದಲ್ಲಿಯೂ ಹಳೆಯ ಕಾರುಗಳನ್ನು ನಾವು ನೋಡಬಹುದು. 2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷ ಮೀರಿದ, ಮೂಲ ರೂಪದಲ್ಲಿ ಉಳಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮವನ್ನು ತಂದಿದೆ. ಮೂಲ ರೀತಿಯ ಭಾಗವನ್ನೇ ಅರಸಿ ಹಾಕುವುದಕ್ಕೆ ಇದೂ ಒಂದು ಕಾರಣ. ಆದರೆ ಮುಖ್ಯ ಕಾರಣ ಬೇರೆ. ಬಾಗೂರಿನ ಆ ಕೊಟ್ಟಿಗೆಯಿಂದ ಕಾರು ಹೊರಬಂದ ದಿನ ರಸ್ತೆಯಲ್ಲಿ ಶಾಲೆಯ ಮಕ್ಕಳೂ ದನಕರುಗಳೂ ಇರುತ್ತವೆ. ಅವುಗಳಿಗೆ ಕಾರಿನ ವಯಸ್ಸಾಗಲಿ ಅಂದವಾಗಲಿ ಮುಖ್ಯವಲ್ಲ. ಚಾಲಕನು ತಿರುಗಿಸಿದ ಕ್ಷಣದಲ್ಲಿ ಗಾಲಿ ತಿರುಗಬೇಕು, ಅಷ್ಟೆ. ಅಳೆದು ಕೊಂಡ ಭಾಗವೂ ಪರೀಕ್ಷಿಸಿ ಮಾಡಿಸಿದ ಭಾಗವೂ ಆ ಭರವಸೆಯನ್ನು ಕೊಡಬಲ್ಲವು. ಅಂಥ ಭಾಗ ದೊರೆಯುವವರೆಗೆ ಕಾರು ಕೊಟ್ಟಿಗೆಯಲ್ಲಿಯೇ ಇರುವುದು ಲೇಸು.